ಅರವತ್ತು ಮೀಟರ್ ಪೈಪು

ಜನವರಿ 9

ಮಗಳೇ,

ಈ ವಿಳಾಸವನ್ನು ನಿನ್ನ ಚಿಕ್ಕಮ್ಮ ಕೊಟ್ಟಳು. ಕೊಡುವ ಮುಂಚೆ ಎರಡು ಷರತ್ತು ಹಾಕಿದಳು: ಫೋನ್ ಮಾಡಕೂಡದು, ಬುದ್ಧಿ ಹೇಳಕೂಡದು. ಎರಡಕ್ಕೂ ಒಪ್ಪಿದೆ. ಫೋನಿನಲ್ಲಿ ನಮ್ಮ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಇಬ್ಬರಿಗೂ ಗೊತ್ತು. ಕಾಗದದಲ್ಲಾದರೆ ಬರೆದದ್ದನ್ನು ಹೊಡೆದುಹಾಕಲು ಅವಕಾಶವಿರುತ್ತದೆ.

ಇದನ್ನು ಕಂಪನಿಯ ಪತ್ರ ಎಂದುಕೋ. ನೀರಿನೊಳಗೆ ಕೆಲಸ ಮಾಡುವವರಿಗೆ ಮೇಲಿನಿಂದ ಗಾಳಿ ಕಳಿಸುವ ಪೈಪು ಬೇಕೆಂದು ನಮ್ಮ ಕಾರ್ಖಾನೆಗೆ ಬೇಡಿಕೆ ಬಂದಿದೆ. ಕೇಳಿದವರಲ್ಲಿ ನಿಮ್ಮ ತಂಡದ ಯಜಮಾನರೂ ಇದ್ದಾರೆ. ಕೆಲಸ ನನ್ನ ಮೇಜಿಗೆ ಬಂತು. ಮ್ಯಾನೇಜರು ಕಡತ ಕೊಡುತ್ತ, "ಮೇಡಂ, ನಿಮಗಿದು ಮನೆ ಕೆಲಸ ಇದ್ದ ಹಾಗೆ, ಅಲ್ವಾ?" ಎಂದು ನಕ್ಕರು. ನಾನು ನಗಲಿಲ್ಲ.

ಇಷ್ಟು ವರ್ಷ ಸಿಮೆಂಟು, ಎಣ್ಣೆ, ಮರಳು ಹಾಯಿಸುವ ಪೈಪುಗಳನ್ನು ಮಾಡಿದ್ದೇನೆ. ಅವು ಕೈಕೊಟ್ಟರೆ ಯಂತ್ರ ನಿಲ್ಲಿಸಿ ಬೇರೆಯದನ್ನು ಹಾಕುತ್ತಾರೆ. ಇದು ಹಾಗಲ್ಲ. ನೀನು ನಮ್ಮ ಡ್ರಾಯಿಂಗ್ ಕೋಣೆಯಲ್ಲಿ ಒಂದು ವರ್ಷ ಕೂತವಳು; ಏನು ಬೇಕೆಂದು ಬಿಡಿಸಿ ಹೇಳಬೇಕಿಲ್ಲ. ಈಗಿನ ಪೈಪು ಎಷ್ಟು ಉದ್ದ, ಎಲ್ಲಿ ಬಾಗುತ್ತದೆ, ಯಾವುದಕ್ಕೆ ಉಜ್ಜುತ್ತದೆ, ಮೇಲೆ ಯಾರು ಹಿಡಿಯುತ್ತಾರೆ. ಬರೆ.

ಬೇರೇನನ್ನೂ ಕೇಳುತ್ತಿಲ್ಲ.

ಅಮ್ಮ
ವಿನ್ಯಾಸ ವಿಭಾಗ


ಜನವರಿ 23

ವಿನ್ಯಾಸ ವಿಭಾಗದವರಿಗೆ,

ನಿಮ್ಮ ಪತ್ರ ತಲುಪಿತು. ಷರತ್ತು ಪಾಲಿಸಿದ್ದೀರಿ. ಆಶ್ಚರ್ಯವಾಯಿತು.

ನಮ್ಮ ಕೆಲಸ ಅಣೆಕಟ್ಟಿನ ಗೋಡೆಯ ಬುಡದಲ್ಲಿ. ನೀರು ಯಂತ್ರಗಳಿಗೆ ನುಗ್ಗುವ ಬಾಯಿಗೆ ಕಬ್ಬಿಣದ ಜಾಲರಿ ಇದೆ. ಹೊಳೆ ತಂದ ಬೊಡ್ಡೆ, ಬೇರು, ಹರಿದ ಬಲೆ ಎಲ್ಲವೂ ಅದಕ್ಕೆ ಬಂದು ಕಚ್ಚಿಕೊಳ್ಳುತ್ತವೆ. ನಾವು ಇಳಿದು ಕೊಯ್ದು ಬಿಡಿಸುತ್ತೇವೆ. ಕೆಳಗೆ ಏನೂ ಕಾಣುವುದಿಲ್ಲ. ಕೈಯಲ್ಲೇ ನೋಡಬೇಕು.

ಪೈಪಿನ ಉದ್ದ ಅರವತ್ತು ಮೀಟರ್. ನಾವು ಅದನ್ನು ಬಾಲ ಎನ್ನುತ್ತೇವೆ. ಅದರ ಮಗ್ಗುಲಿಗೆ ಒಂದು ಹಗ್ಗ ಕಟ್ಟಿರುತ್ತದೆ. ಮೇಲೆ ತೆಪ್ಪದಲ್ಲಿ ಒಬ್ಬರು ಕೂತು ಎರಡನ್ನೂ ಹಿಡಿದಿರುತ್ತಾರೆ. ನನ್ನ ಬಾಲ ಹಿಡಿಯುವವರಿಗೆ ಇಡೀ ತಂಡ ಲಗಾಮು ಎಂದೇ ಕರೆಯುತ್ತದೆ. ವಯಸ್ಸಿನಲ್ಲಿ ಹಿರಿಯರಾದ್ದರಿಂದ ನಾನು ಲಗಾಮಣ್ಣ ಎನ್ನುತ್ತೇನೆ. ಮಾತಾಡಲು ಒಂದು ತಂತಿಯೂ ಇದೆ, ಅದರಲ್ಲಿ ಗುಳುಗುಳು ಬಿಟ್ಟು ಬೇರೇನೂ ಕೇಳಿಸದು. ಹಾಗಾಗಿ ಎಳೆತವೇ ಮಾತು. ಮೇಲಿನಿಂದ ಒಂದು ಎಳೆತ ಬಂದರೆ, ಹೇಗಿದ್ದೀಯ? ತಿರುಗಿ ಒಂದು ಎಳೆದರೆ, ಸರಿಯಿದ್ದೇನೆ. ಎರಡು ಎಂದರೆ ಸಡಿಲ ಬಿಡು, ನಾಲ್ಕು ಎಂದರೆ ಎತ್ತು. ಕೇಳುವುದು ಯಾವಾಗಲೂ ಮೇಲಿನವರು. ಕೆಳಗಿನವರು ಕೇಳುವ ಪದ್ಧತಿಯೇ ಇಲ್ಲ. ಯಾಕೆಂದು ಒಮ್ಮೆ ವಿಚಾರಿಸಿದ್ದಕ್ಕೆ ಲಗಾಮಣ್ಣ, "ಮೇಲೆ ಕೂತೋನಿಗೆ ಏನಾಗುತ್ತೆ ತಾಯಿ? ಟೀ ಆರಿ ಹೋಗುತ್ತೆ, ಅಷ್ಟೇ," ಎಂದರು.

ಬಾಲ ಹಿಡಿಯುವುದು ಸುಲಭವಲ್ಲ. ಬಿಗಿ ಹಿಡಿದರೆ ಕೆಳಗಿರುವವಳ ತಲೆ ಹಿಂದಕ್ಕೆ ಜಗ್ಗುತ್ತದೆ, ಸಡಿಲ ಬಿಟ್ಟರೆ ಜಾಲರಿಗೆ ಸುತ್ತಿಕೊಳ್ಳುತ್ತದೆ. ಪದೇ ಪದೇ "ಹೇಗಿದ್ದೀಯ" ಎಂದು ಎಳೆಯುವವನು ಸಿಕ್ಕರಂತೂ ಕೆಲಸ ಕೆಟ್ಟ ಹಾಗೆಯೇ.

ಈಗಿನ ಪೈಪು ಬರೀ ನೂಲಿನ ಹೆಣಿಗೆಯದು. ಹಳೆಯದು, ಮೈಯೆಲ್ಲ ಗೀರು. ಆದರೆ ಮೂಲೆ ಬಂದರೆ ತಾನೇ ತಿರುಗುತ್ತದೆ. ಹೋದ ತಿಂಗಳು ಜೊತೆಗಾರನ ಬಾಲ ಉಕ್ಕಿನ ಬಾಗಿಲೊಂದರ ಅಂಚಿಗೆ ಸಿಕ್ಕಿ ಅಪ್ಪಚ್ಚಿಯಾಯಿತು. ಎರಡು ಉಸಿರಿನಷ್ಟು ಗಾಳಿ ನಿಂತಿತ್ತು. ಬಿಡಿಸಿದೊಡನೆ ಮತ್ತೆ ದುಂಡಗಾಯಿತು. ಅವನು ಮೇಲೆ ಬಂದು ಟೀ ಕುಡಿದ.

ನಾನು ಚೆನ್ನಾಗಿದ್ದೇನೆ. ನೀವು ಕೇಳಲಿಲ್ಲ, ಆದರೂ.

ಇಂತಿ,
ಬಳಕೆದಾರಳು


ಫೆಬ್ರವರಿ 5

ಮಗಳೇ,

ನಿನ್ನ ಪತ್ರವನ್ನು ಒಂದು ಸಲ ಓದಿದೆ. ಜೊತೆಗಾರನ ಪೈಪಿನ ವಿಷಯ ಬರೆದ ಸಾಲುಗಳನ್ನು ಎಷ್ಟು ಸಲ ಓದಿದೆನೋ ತಿಳಿಯದು. ಎರಡು ಉಸಿರು ಎಂದಿದ್ದೀಯ, ಟೀ ಕುಡಿದ ಎಂದಿದ್ದೀಯ. ಸಣ್ಣವಳಿದ್ದಾಗ ಬಚ್ಚಲಿನ ಬಕೆಟ್ಟಿನಲ್ಲಿ ಮುಖ ಮುಳುಗಿಸಿ, "ಎಣಿಸಮ್ಮ" ಎನ್ನುತ್ತಿದ್ದೆ. ನಾನು ಜೋರಾಗಿ ಎಣಿಸುತ್ತಿದ್ದೆ, ಬೇಗ ಬೇಗ ಎಣಿಸುತ್ತಿದ್ದೆ, ನೀನು ಬೇಗ ಗೆದ್ದು ತಲೆ ಎತ್ತಲಿ ಎಂದು. ಇರಲಿ. ಇದು ಕಂಪನಿಯ ಪತ್ರ.

ಪೈಪಿಗೆ ಮೂರು ಪದರ: ಒಳಗೆ ರಬ್ಬರಿನ ಕೊಳವೆ, ನಡುವೆ ನೂಲಿನ ಹೆಣಿಗೆ, ಮೇಲೆ ರಬ್ಬರಿನ ಹೊದಿಕೆ. ಬಲವೆಲ್ಲ ನಡುವಿನ ಹೆಣಿಗೆಯದು. ನೂಲು ಪೈಪಿನ ಉದ್ದಕ್ಕೆ ಹೆಚ್ಚು ಒರಗಿದರೆ ಗಾಳಿ ತುಂಬಿದಾಗ ಪೈಪು ಉಬ್ಬಿ ಗಿಡ್ಡವಾಗುತ್ತದೆ. ಅಡ್ಡಕ್ಕೆ ಹೆಚ್ಚು ಒರಗಿದರೆ ಸಪೂರವಾಗಿ ಉದ್ದವಾಗುತ್ತದೆ. ಎರಡೂ ಆಗದ ಒಂದು ಓರೆ ನಡುವೆ ಇದೆ. ಅದನ್ನು ಹಿಡಿಯಲು ನಿನಗೆ ಕಲಿಸಿದ್ದೇನೆ. ಆದರೆ ಹೆಣಿಗೆ ತಡೆಯುವುದು ಒಳಗಿನ ಒತ್ತಡವನ್ನು. ಹೊರಗಿನಿಂದ ಭಾರ ಬಿದ್ದರೆ ಅದು ಮಲಗಿಬಿಡುತ್ತದೆ. ಆದ್ದರಿಂದ ಹೆಣಿಗೆಯ ಮೇಲೆ ಉದ್ದಕ್ಕೂ ಉಕ್ಕಿನ ತಂತಿಯ ಸುರುಳಿ ಹಾಕಿಸಿದೆ.

ನಿಯಮ ಹೇಳುವ ಭಾರಕ್ಕೆ ಒತ್ತಿದೆವು, ಅದರ ಎರಡರಷ್ಟಕ್ಕೂ ಒತ್ತಿದೆವು. ಕೂದಲೆಳೆಯಷ್ಟೂ ತಗ್ಗಲಿಲ್ಲ. ಪರೀಕ್ಷಾ ಕೋಣೆಯ ಹಿರಿಯರು, ನಾವೆಲ್ಲ ಮೇಷ್ಟ್ರು ಎನ್ನುವವರು, "ಮೇಡಂ, ಇದರ ಮೇಲೆ ಲಾರಿ ನಿಲ್ಲಿಸಿ ಚಕ್ರ ಬಿಚ್ಚಬಹುದು," ಎಂದರು. ಅಲ್ಲಿಗೆ ಪರೀಕ್ಷೆ ಮುಗಿಸಿ ಸಹಿ ಹಾಕಿದೆ. ಮೊದಲ ಅರವತ್ತು ಮೀಟರ್ ನಿಮ್ಮ ತಂಡಕ್ಕೇ ಹೊರಟಿದೆ.

ಇನ್ನು ಎರಡು ಉಸಿರೂ ನಿಲ್ಲುವುದಿಲ್ಲ.

ಅಮ್ಮ


ಫೆಬ್ರವರಿ 22

ಅಮ್ಮ,

ನಿನ್ನ ಪೈಪು ಬಂತು. ಪೈಪಲ್ಲ ಅದು, ಕೋಲು. ತೆಪ್ಪಕ್ಕೆ ಹೊರಲು ಮೂವರು ಬೇಕಾಯಿತು. ಬಿಚ್ಚಿದರೆ ಬಿಚ್ಚಿದ ಆಕಾರದಲ್ಲೇ ಮುನಿಸಿಕೊಂಡು ಕೂರುತ್ತದೆ. ಲಗಾಮಣ್ಣ ಆಗಲೇ ಹೆಸರಿಟ್ಟಾಗಿದೆ: ಅತ್ತೆ. "ಇವರು ಹೋದ ಕಡೆ ನಾವು ಹೋಗ್ಬೇಕು. ನಾವು ಕರೆದ ಕಡೆ ಇವರು ಬರಲ್ಲ."

ಕೆಳಗೆ ಮೂಲೆ ತಿರುಗುವಾಗ ಅದು ನನ್ನನ್ನು ಗೋಡೆಯಿಂದ ಆಚೆ ತಳ್ಳುತ್ತದೆ. ಒಂದು ಕೈಯಲ್ಲಿ ಗರಗಸ, ಇನ್ನೊಂದರಲ್ಲಿ ಅತ್ತೆಯ ಜೊತೆ ಕುಸ್ತಿ. ಮೇಲಿನ ಎಳೆತ ಗೊತ್ತೇ ಆಗುವುದಿಲ್ಲ. ಬಂತೋ, ಬರೀ ನೀರಿನ ಸೆಳೆತವೋ ಎಂದು ಯೋಚಿಸುತ್ತ ನಿಲ್ಲಬೇಕು. ಹಳೆಯದನ್ನೇ ಕೊಡಿ ಎಂದು ಕೇಳಿದೆ. ಯಜಮಾನರು, "ನಿಮ್ಮಮ್ಮನೇ ಸಹಿ ಹಾಕಿದಾರೆ, ಇನ್ನೇನು ಬೇಕಮ್ಮ ನಿನಗೆ?" ಎಂದು ಹಳೆಯದನ್ನು ತುಂಡು ಮಾಡಿಸಿ ಗಿಡಗಳಿಗೆ ನೀರು ಬಿಡಲು ಕೊಟ್ಟರು.

ಒಂದು ಮಾತು ಕೇಳುತ್ತೇನೆ. ಈ ಪೈಪನ್ನು ಯಾರಿಗಾಗಿ ಮಾಡಿದೆ? ನನಗೋ, ಮನೆಯಲ್ಲಿ ನಿನಗೆ ನಿದ್ದೆ ಬರಲೆಂದೋ? ಈ ಕೆಲಸಕ್ಕೆ ಹೊರಟ ದಿನ ಬಾಗಿಲಲ್ಲಿ ನಿಂತು, "ನೀರಿಗಿಳಿದ ಮೇಲೆ ಈ ಹೊಸಿಲು ನಿನ್ನದಲ್ಲ" ಎಂದೆಯಲ್ಲ, ಆ ದನಿಯೇ ಇದರಲ್ಲೂ ಇದೆ. ಬಾಗುವುದಿಲ್ಲ.

ಮಗಳು


ಮಾರ್ಚ್ 2

ಮಗಳೇ,

ಹೊಸ ಚಪ್ಪಲಿಯೂ ಕಚ್ಚುತ್ತದೆ. ಬಳಸುತ್ತ ಪಳಗುತ್ತದೆ. ಸುತ್ತಿಡುವಾಗ ಒಂದೇ ದಿಕ್ಕಿಗೆ ಸುತ್ತಬೇಡಿ, ಎಂಟರ ಆಕಾರದಲ್ಲಿ ಹಾಸಿ. ಮೈ ಮೇಲಿನ ಹಳದಿ ಗೆರೆ ನೆಟ್ಟಗೆ ಓಡಬೇಕು. ಗೆರೆ ಸುತ್ತು ಹಾಕಿದ್ದರೆ ಪೈಪು ತಿರುಚಿಕೊಂಡಿದೆ ಎಂದು ತಿಳಿಯಿರಿ.

ಬಾಗಿಲಲ್ಲಿ ಆಡಿದ ಮಾತಿನ ಬಗ್ಗೆ ಬರೆಯಲು ಕೂತೆ. ಹಾಳೆ ಹರಿದೆ. ಮತ್ತೆ ಕೂತೆ, ಮತ್ತೆ ಹರಿದೆ.

ನಿನ್ನ ಕೋಲು ಎಷ್ಟು ಗಟ್ಟಿಯೆಂದು ನಿನಗಿನ್ನೂ ಗೊತ್ತಿಲ್ಲ. ಅದು ಸೋಲುವ ಭಾರ ಎಷ್ಟೆಂದು ನಾನೇ ಒತ್ತಿ ನೋಡಿ ಬರೆಯುತ್ತೇನೆ. ಆಮೇಲೆ ಹೇಳು.

ಅಮ್ಮ


ಮಾರ್ಚ್ 11, ಬೆಳಿಗ್ಗೆ

ಮಗಳೇ,

ಆ ಪೈಪಿನಲ್ಲಿ ಇಳಿಯಬೇಡ. ಇಳಿಯಲೇಬೇಡ. ಇದು ಅಮ್ಮನ ಮಾತಲ್ಲ, ಅದನ್ನು ಮಾಡಿದವಳ ಮಾತು.

ಇವತ್ತು ಬಂದವಳೇ ಒತ್ತುವ ಯಂತ್ರಕ್ಕೆ ಒಂದು ತುಂಡು ಹಾಕಿಸಿದೆ. ನಿನಗೆ ಬರೆಯಲು ದೊಡ್ಡದೊಂದು ಸಂಖ್ಯೆ ಬೇಕಿತ್ತು, ಅಷ್ಟೇ. ಎರಡರಷ್ಟು ಭಾರ ದಾಟಿದೆವು, ಮೂರರಷ್ಟು ದಾಟಿದೆವು. ಮೇಷ್ಟ್ರು "ಸಾಕು ಮೇಡಂ" ಎಂದರು. ನಾನು ಸಿಟ್ಟಿನಲ್ಲಿದ್ದೆ, ಇನ್ನೂ ಒತ್ತಿ ಎಂದೆ. ಒಂದು ಹಂತದಲ್ಲಿ ಸುರುಳಿ ಸೋತು ಪೈಪು ಮಡಚಿ ಕೂತಿತು. ಅದು ನಿರೀಕ್ಷಿಸಿದ್ದೇ. ಸಂಖ್ಯೆ ಬರೆದುಕೊಂಡು ಯಂತ್ರ ಮೇಲೆತ್ತಿಸಿದೆ.

ಪೈಪು ಮೇಲೇಳಲಿಲ್ಲ.

ನೂಲಿನದು ಭಾರ ತೆಗೆದರೆ ದುಂಡಗಾಗುತ್ತದೆ. ಉಕ್ಕು ಒಮ್ಮೆ ಮಡಚಿದರೆ ಮಡಚಿದ ಹಾಗೇ ಉಳಿಯುತ್ತದೆ; ತನ್ನೊಳಗಿನ ರಬ್ಬರನ್ನೂ ಹಿಸುಕಿ ಹಿಡಿದುಕೊಳ್ಳುತ್ತದೆ. ಬಾಯಿಟ್ಟು ಊದಿದೆ. ಗಾಳಿ ಹೋಗಲಿಲ್ಲ. ನಿನ್ನ ಜೊತೆಗಾರನ ಪೈಪು ಯಾಕೆ ಅವನನ್ನು ಉಳಿಸಿತೆಂದು ನೀನು ಜನವರಿಯಲ್ಲೇ ಬರೆದಿದ್ದೆ. ನಾನು ಅಪ್ಪಚ್ಚಿಯಾದದ್ದನ್ನು ಓದಿದೆ, ದುಂಡಗಾದದ್ದನ್ನು ಓದಲಿಲ್ಲ.

ನಿನಗೆ ಫೋನ್ ಮಾಡಿದೆ, ನೀನು ಕತ್ತರಿಸಿದೆ. ಮತ್ತೆ ಮಾಡಿದೆ, ಆರಿಸಿಟ್ಟಿದ್ದೆ. ನಿಮ್ಮ ಯಜಮಾನರದು ಸಿಗುತ್ತಲೇ ಇಲ್ಲ. ಇದನ್ನು ಆ ಕಡೆ ಹೊರಟ ನಮ್ಮ ಲಾರಿ ಚಾಲಕನಿಗೆ ಕೊಡುತ್ತಿದ್ದೇನೆ. ನಾನೇ ಹತ್ತಿ ಬರುತ್ತಿದ್ದೆ. ಆದರೆ ಇದೇ ಪೈಪು ಇನ್ನೂ ಮೂರು ತಂಡಗಳಿಗೆ ಹೋಗಿದೆ. ಇಲ್ಲೇ ಕೂತು ಅವರನ್ನೆಲ್ಲ ಹಿಡಿಯಬೇಕು. ಅಲ್ಲಿ ಇಳಿಯುವವರಿಗೂ ಮನೆಗಳಿವೆ.

ದಡದಲ್ಲೇ ಇರು.

ಅಮ್ಮ


ಮಾರ್ಚ್ 11

ಅಮ್ಮ,

ಬೆಳಿಗ್ಗೆ ನಿನ್ನ ಫೋನ್ ಬಂತು. ಕತ್ತರಿಸಿದೆ. ಚಿಕ್ಕಮ್ಮನಿಗೆ ಕೊಟ್ಟ ಮಾತು ಮುರಿದೆಯಲ್ಲ ಎಂದು ಮೊದಲು ಸಿಟ್ಟು ಬಂತು. ಈಗ ಊಟದ ಹೊತ್ತಿಗೆ ಅನ್ನಿಸುತ್ತಿದೆ, ಎತ್ತಿ ಒಂದು ಮಾತು ಕೇಳಬಹುದಿತ್ತು. ನನ್ನ ಹೋದ ಪತ್ರ ಒರಟಾಗಿತ್ತು. ಬಾಗಿಲಿನ ಮಾತನ್ನು ಎತ್ತಬಾರದಿತ್ತು. ಎತ್ತಿದ್ದು ಒಳ್ಳೆಯದೇ ಆಯಿತೇನೋ, ನೀನು ಹಾಳೆ ಹರಿದೆ ಎಂದು ಬರೆದೆ. ಹರಿದ ಹಾಳೆಯಲ್ಲಿ ಏನಿತ್ತು ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ.

ಎಂಟರ ಆಕಾರದಲ್ಲಿ ಹಾಸಿದ ಮೇಲೆ ಅತ್ತೆ ಸ್ವಲ್ಪ ಮಾತು ಕೇಳುತ್ತಿದ್ದಾರೆ. ನೀನು ಹೇಳಿದ್ದು ನಿಜ, ಪಳಗುತ್ತಾರೆ. ಲಗಾಮಣ್ಣ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾರೆ. ಜಾಲರಿಯಲ್ಲಿ ದೊಡ್ಡದೊಂದು ಬೊಡ್ಡೆ ಇದೆ. ಅದನ್ನು ಬಿಡಿಸಿ ಬಂದು ಉಳಿದದ್ದು


ಮಾರ್ಚ್ 12

ಅಮ್ಮನವರಿಗೆ ನಮಸ್ಕಾರ.

ಮೊದಲನೇ ಸಾಲಲ್ಲೇ ಬರೆದುಬಿಡ್ತೀನಿ. ನಿಮ್ಮ ಮಗಳು ಬದುಕಿದಾಳೆ. ಬಲಗೈಯ ಎರಡು ಬೆರಳು ಮುರಿದಿದೆ, ಕಟ್ಟು ಹಾಕಿದಾರೆ. ಮಾತಾಡ್ತಾಳೆ, ಡಾಕ್ಟರಿಗೂ ಬೈತಾಳೆ. ಈಗ ಕೂತ್ಕೊಂಡು ಮುಂದಿಂದು ಓದಿ.

ನಾನು ಲಗಾಮು. ಬರೆಯೋದು ನನಗೆ ಅಷ್ಟಾಗಿ ಬರಲ್ಲ, ಮಾತಾಡೋ ಹಾಗೇ ಬರೀತೀನಿ.

ನಿನ್ನೆ ಊಟ ಆದ್ಮೇಲೆ ಇಳಿದ್ಲು. ಬೊಡ್ಡೆಗೆ ಕ್ರೇನಿನ ಕೊಕ್ಕೆ ಸಿಕ್ಕಿಸಿದ್ಲು, ಬೇರು ಕುಯ್ದಳು. ಕುಯ್ದಿದ್ದೇ ತಡ, ಅದು ಅವಳ ಕೈ ಸವರಿಕೊಂಡು ಉರುಳಿ ಬಾಲದ ಮೇಲೆ ಕೂತ್ಕೊಂತು. ತೆಪ್ಪದಲ್ಲಿ ಗಾಳಿಯ ಮೀಟರ್ ಇದೆ, ಗಾಳಿ ಕೆಳಗೆ ಹೋಗದೆ ಅದರ ಮುಳ್ಳು ಎಗರಿತು. ಒಂದು ಎಳೆದೆ. ಉತ್ತರ ಇಲ್ಲ. ಮತ್ತೆ ಎಳೆದೆ. ಇಲ್ಲ. ಕ್ರೇನಿನವನಿಗೆ ಕಿರುಚಿದೆ, ಅವನು ಬೊಡ್ಡೆ ಎತ್ತಿದ. ಇನ್ನು ಗಾಳಿ ಹೋಗುತ್ತೆ ಅಂದ್ಕೊಂಡೆ. ಅಮ್ಮ, ಬೊಡ್ಡೆ ನನ್ನ ಕಣ್ಣೆದುರಿಗೆ ನೀರು ಸುರಿಸ್ತಾ ನೇತಾಡ್ತಿದೆ, ಮುಳ್ಳು ಮಾತ್ರ ಹಾಗೇ ನಿಂತಿದೆ.

ಅವಳ ಬೆನ್ನಿಗೆ ಪುಟ್ಟ ಸಿಲಿಂಡರ್ ಇರುತ್ತೆ, ಮೇಲಿನ ಗಾಳಿ ನಿಂತರೆ ಸ್ವಲ್ಪ ಹೊತ್ತಿಗೆ ಆಗುತ್ತೆ. ಅದನ್ನ ತಿರುಗಿಸ್ಕೊಂಡು, ಒಂದೇ ಕೈಲಿ ಬಾಲ ಹಿಡಿದು ಹತ್ತಿ ಬಂದ್ಲು. ತಲೆ ಹೊರಗೆ ಬಂದಾಗ ಸಿಲಿಂಡರಲ್ಲಿ ಎಷ್ಟು ಉಳಿದಿತ್ತು ಅಂತ ನಾನು ಬರೆಯಲ್ಲ. ನಿಮ್ಮ ಲಾರಿಯವನು ಬಂದಿದ್ದು ಅವಳನ್ನ ಆಸ್ಪತ್ರೆಗೆ ಕಳಿಸಿದ ಮೇಲೆ. ಅವನ ಕೈಲಿ ಚೀಟಿ ಇಸ್ಕೊಂಡು ನಿಂತೆ, ಏನು ಮಾಡ್ಲಿ.

ಅವಳ ಮಂಚದ ಮೇಲೆ ಅರ್ಧ ಬರೆದ ಕಾಗದ ಇತ್ತು. ಕಳಿಸ್ಲಾ ಅಂತ ಕೇಳಿದೆ. "ಕಳಿಸಿ, ಆದ್ರೆ ಮುಗಿಸ್ಬೇಡಿ" ಅಂದ್ಲು. ಇದರ ಜೊತೆ ಇಟ್ಟಿದೀನಿ.

ನನ್ನದೊಂದು ಪ್ರಶ್ನೆ ಇದೆ. ಬೊಡ್ಡೆ ಕೂತಾಗ ಗಾಬರೀಲಿ ನಾನು ಬಾಲ ಜಗ್ಗಿದೆ. ಅದಕ್ಕೇ ಪೈಪು ಕಚ್ಕೊಂತಾ? ಎಷ್ಟೋ ಜನರ ಬಾಲ ಹಿಡಿದ ಕೈ ಇದು. ನಿನ್ನೆಯಿಂದ ಇದನ್ನ ನೋಡೋಕೆ ಆಗ್ತಿಲ್ಲ. ಸಮಾಧಾನಕ್ಕೆ ಏನೂ ಬರೀಬೇಡಿ, ನಿಜ ಬರೀರಿ.

ಇಂತಿ,
ಲಗಾಮು


ಮಾರ್ಚ್ 15

ಲಗಾಮು ಅಣ್ಣನವರಿಗೆ,

ನಿಜ ಬರೆಯುತ್ತೇನೆ. ನೀವು ಜಗ್ಗಿದ್ದರಿಂದ ಏನೂ ಆಗಲಿಲ್ಲ. ಜಗ್ಗದಿದ್ದರೂ ಅದು ಹಾಗೇ ಇರುತ್ತಿತ್ತು. ಆ ಪೈಪನ್ನು ಮಲಗದ ಹಾಗೆ ಮಾಡಿದೆ. ಮಲಗಿದರೆ ಏಳುತ್ತದೆಯೇ ಎಂದು ನೋಡಲಿಲ್ಲ. ತಪ್ಪು ನನ್ನ ಮೇಜಿನದು. ನಿಮ್ಮ ಕೈಯನ್ನು ನೀವು ಧಾರಾಳವಾಗಿ ನೋಡಬಹುದು. ನನ್ನ ಮಗಳು ಅದನ್ನು ಹಿಡಿದೇ ಮೇಲೆ ಬಂದಿದ್ದಾಳೆ.

ಉಳಿದ ಮೂರು ತಂಡಗಳೂ ಪೈಪನ್ನು ಬಿಚ್ಚಿಟ್ಟಿವೆ. ಒಂದು ಕಡೆ ಆಗಲೇ ನೀರಿಗಿಳಿದಿದ್ದವನನ್ನು ಹತ್ತಿಸಿದರು. ನಮ್ಮ ಮ್ಯಾನೇಜರಿಗೆ ಇದು ಹಿಡಿಸಿಲ್ಲ. "ಬೊಡ್ಡೆ ಬಿದ್ದಿದ್ದು ಅಪಘಾತ ಮೇಡಂ. ಪೈಪು ಪರೀಕ್ಷೆ ಪಾಸಾಗಿದೆ, ನಿಮ್ಮದೇ ಸಹಿ ಇದೆ," ಎಂದರು. "ಪೈಪು ಪಾಸಾಗಿದೆ ಸಾರ್, ಪರೀಕ್ಷೆ ಫೇಲಾಗಿದೆ. ಆ ಪರೀಕ್ಷೆಯನ್ನೂ ನಾನೇ ಬರೆದಿದ್ದು," ಎಂದೆ. ಸಹಿ ವಾಪಸು ತೆಗೆದುಕೊಂಡಿದ್ದೇನೆ. ಸದ್ಯಕ್ಕೆ ನನ್ನ ಮೇಜು ದಾಸ್ತಾನು ಕೋಣೆಯ ಪಕ್ಕದಲ್ಲಿದೆ.

ಒಂದು ಉಪಕಾರ ಮಾಡಿ. ನಾನು ಬರಬಹುದೇ ಎಂದು ಅವಳನ್ನು ಕೇಳಿ. ಅವಳಿಗೇ ಬರೆಯಲು, ಲಾರಿಯವನು ನಿಮ್ಮ ಪತ್ರ ತಂದುಕೊಟ್ಟಾಗಿನಿಂದ ಕೂತಿದ್ದೇನೆ. "ಮಗಳೇ" ಎಂಬುದರಿಂದ ಮುಂದೆ ಹೋಗುತ್ತಿಲ್ಲ.

ಅವಳ ತಾಯಿ


ಏಪ್ರಿಲ್ 6

ಅಮ್ಮ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದಕಿದ ಹಾಗಿದೆ. ಚುಟುಕಾಗಿ ಹೇಳುತ್ತೇನೆ.

ಕೈ ನೋಡಲು ಬರಬೇಡ. ಬಂದು ಮಂಚದ ಪಕ್ಕ ಕೂತರೆ ನೀನು ಅಳಬೇಕು, ನಾನು ಏನೂ ಆಗಿಲ್ಲ ಎನ್ನಬೇಕು. ಇಬ್ಬರಿಗೂ ಅದು ಸರಿಯಾಗಿ ಬರುವುದಿಲ್ಲ.

ಪೈಪು ಮಾಡು. ಉಕ್ಕು ಬೇಡ. ಅಪ್ಪಚ್ಚಿಯಾಗಲಿ, ಎದ್ದು ಬರಲಿ. ಮೂಲೆ ತಿರುಗಲಿ. ಎಳೆತ ಕೈಗೆ ತಿಳಿಯಲಿ. ಅದನ್ನು ಲಾರಿಯಲ್ಲಿ ಕಳಿಸಬೇಡ, ನೀನೇ ತೆಗೆದುಕೊಂಡು ಬಾ. ತಂದವಳೇ ತೆಪ್ಪದ ಮೇಲೆ ಕೂತು ಹಿಡಿಯಬೇಕು. ಲಗಾಮಣ್ಣ ಪಕ್ಕದಲ್ಲಿರುತ್ತಾರೆ. ಇಷ್ಟಕ್ಕೆ ಒಪ್ಪಿದರೆ ಬಾ.

ಬೆರಳು ಕೂಡಿದ ಮೇಲೆ ನಾನು ಮತ್ತೆ ಇಳಿಯುವವಳೇ. ಅದನ್ನು ಬೇರೆ ಹೇಳಬೇಕಿಲ್ಲ ಎಂದುಕೊಂಡಿದ್ದೇನೆ.

ಮಗಳು


ಮೇ 21

ಮಗಳೇ,

ಒಪ್ಪಿದ್ದೇನೆ.

ಪೈಪು ಆಯಿತು. ಎರಡು ನೂಲಿನ ಹೆಣಿಗೆ, ಅವುಗಳ ನಡುವೆ ತೆಳುವಾಗಿ ಮೆತ್ತನೆ ರಬ್ಬರು. ನೂಲು ನೂಲಿಗೆ ಉಜ್ಜುವುದಿಲ್ಲ, ಬಾಗುವಾಗ ಒಂದರ ಮೇಲೊಂದು ಜಾರುತ್ತವೆ. ಒಳಗಿನ ಕೊಳವೆಯ ಗೋಡೆಯನ್ನು ದಪ್ಪ ಮಾಡಿದೆ, ಭಾರ ಇಳಿದೊಡನೆ ತನ್ನನ್ನು ತಾನೇ ಎತ್ತಿಕೊಳ್ಳಲಿ ಎಂದು. ಮೊದಲ ಮೂರು ಸಲ ದಪ್ಪ ಹೆಚ್ಚಾಗಿ ಮತ್ತೆ ಕೋಲಾಯಿತು. ನಾಲ್ಕನೆಯದು ತೆಳುವಾಗಿ, ಬಾಗಿದ ಕಡೆ ಮುರಿದ ಹುಲ್ಲಿನ ಹಾಗೆ ಮಡಚಿತು. ಐದನೆಯದನ್ನು ನನ್ನ ಮೊಣಕೈಗೆ ಸುತ್ತಿಕೊಂಡು ಊಟಕ್ಕೆ ಹೋದೆ. ಮಡಚಲಿಲ್ಲ.

ಕಾಗದದ ಮೇಲೆ ಇದು ದುರ್ಬಲ. ಫೆಬ್ರವರಿಯ ಪೈಪು ಹೊತ್ತ ಭಾರದ ಕಾಲು ಭಾಗಕ್ಕೇ ಮಲಗುತ್ತದೆ. ಮ್ಯಾನೇಜರು ಬಂದು ನೋಡಿ, "ಒತ್ತಿದ್ರೆ ಚಪ್ಪಟೆ ಆಗೋದನ್ನ ಏನಂತ ಮಾರೋದು ಮೇಡಂ?" ಎಂದರು. "ಬಿಟ್ಟ ಮೇಲೆ ನೋಡಿ ಸಾರ್" ಎಂದೆ. ಯಂತ್ರ ಎತ್ತಿಸಿದೆ. ಅದು ಎದ್ದು ಕೂತಿತು. ಮತ್ತೆ ಒತ್ತಿಸಿದೆ, ಮತ್ತೆ ಎತ್ತಿಸಿದೆ. ಮ್ಯಾನೇಜರು ಹೊರಟುಹೋದ ಮೇಲೂ ನಿಲ್ಲಿಸಲಿಲ್ಲ. ಕೊನೆಗೆ ಮೇಷ್ಟ್ರು, "ಪೈಪಿಗೇನೂ ಆಗಲ್ಲ ಮೇಡಂ, ಯಂತ್ರಕ್ಕೆ ಸುಸ್ತಾಗಿದೆ," ಎಂದು ಸ್ವಿಚ್ಚು ಆರಿಸಿದರು.

ಆದರೂ ಹೆದರಿಕೆಯಿದೆ. ಯಂತ್ರದ ಮೇಲೆ ಎಷ್ಟು ಸಲ ಎದ್ದರೂ ಅದು ನೀರೊಳಗೆ ಏಳುವುದನ್ನು ನಾನು ಕಂಡಿಲ್ಲ. ಅದನ್ನು ನೋಡಲು ನಿನ್ನನ್ನೇ ಇಳಿಸಬೇಕು.

ಜೂನ್ ಎಂಟರ ಬಸ್ಸಿಗೆ ಬರುತ್ತೇನೆ.

ಅಮ್ಮ


ಜೂನ್ 13

ಅಮ್ಮ,

ನೀನು ಬಂದು ಹೋಗಿ ನಾಲ್ಕು ದಿನವಾಯಿತು. ತೆಪ್ಪದಿಂದ ಇಳಿದ ಮೇಲೆ ನಾವು ಮಾತಾಡಿದ್ದೆಲ್ಲ ಪೈಪಿನದೇ. ತುದಿಯ ಕಬ್ಬಿಣದ ಹಿಡಿಕೆಯ ಹತ್ತಿರ ಹೊದಿಕೆ ಇನ್ನೂ ಸ್ವಲ್ಪ ಉದ್ದ ಬೇಕು ಎಂದೆ, ನೀನು ಬರೆದುಕೊಂಡೆ. ಬಸ್ಸು ಬಂತು. ಉಳಿದದ್ದನ್ನು ಕಾಗದದಲ್ಲೇ ಹೇಳುತ್ತೇನೆ. ನಮಗೆ ಇದೇ ಒಗ್ಗಿದೆ.

ನೀನು ಲಗಾಮಾಗಲು ಲಾಯಕ್ಕಿಲ್ಲ. ಅಣೆಕಟ್ಟಿಗೆ ಹೂತ ಕಬ್ಬಿಣದ ಇಳಿಗಂಬಿಗಳನ್ನು ಹಿಡಿದು ನಾನಿನ್ನೂ ಗೋಡೆಯ ಅರ್ಧ ಇಳಿದಿರಲಿಲ್ಲ, ಒಂದು ಎಳೆತ. ಉತ್ತರ ಕೊಟ್ಟೆ. ಕೊಟ್ಟ ಕೈ ಕೆಳಗಿಳಿಸುವ ಮೊದಲೇ ಇನ್ನೊಂದು. ಮತ್ತೊಂದು. ಹೇಗಿದ್ದೀಯ, ಹೇಗಿದ್ದೀಯ, ಹೇಗಿದ್ದೀಯ. ಮಾತು ಬಿಟ್ಟ ಎರಡು ವರ್ಷದ್ದನ್ನೆಲ್ಲ ಒಂದೇ ಗಂಟೆಯಲ್ಲಿ ಕೇಳಿಬಿಟ್ಟೆ. ಬೈದುಕೊಂಡೆ. ಆದರೆ ಪ್ರತಿಯೊಂದೂ ಕೈಗೆ ಬಂತು. ಈ ಪೈಪಿನಲ್ಲಿ ಮೇಲಿನ ಕೈ ಗೊತ್ತಾಗುತ್ತದೆ. ಲಗಾಮಣ್ಣನದು ಗಂಟು ಬಿಗಿದ ಹಾಗೆ ಬರುತ್ತದೆ. ನಿನ್ನದು ಶುರುವಾದ ಮೇಲೆ ಒಂದು ಕ್ಷಣ ಅನುಮಾನಿಸಿ ಮುಗಿಯುತ್ತದೆ.

ಪೈಪಿನ ಮೇಲೆ ಕಲ್ಲು ಇಟ್ಟು ನೋಡುತ್ತೇನೆಂದು ನಿನಗೆ ಮೊದಲೇ ಹೇಳಿದ್ದೆ. ಯಾವಾಗ ಎಂದು ಹೇಳಿರಲಿಲ್ಲ. ಮೆಟ್ಟಿಲಿನಂಥ ಜಾಗ, ಹೆಚ್ಚು ಆಳವಿಲ್ಲ. ಎಡಗೈ ಸಿಲಿಂಡರಿನ ತಿರುಗಣಿಯ ಮೇಲಿತ್ತು. ಅಲ್ಲಿ ಅಂಚಿನಲ್ಲಿದ್ದ ಕಲ್ಲೊಂದನ್ನು ಬಾಲದ ಮೇಲೆ ಉರುಳಿಸಿದೆ. ಗಾಳಿ ನಿಂತಿತು. ನಿಂತಾಗ ಏನಾಗುತ್ತದೆಂದು ನನಗೆ ಈಗ ಗೊತ್ತಿದೆ. ಕಿವಿಯಲ್ಲಿ ಸದ್ದೆಲ್ಲ ಆರಿಹೋಗಿ ಮಾರ್ಚ್ ತಿಂಗಳು ಬಂದು ಎದುರಿಗೆ ನಿಲ್ಲುತ್ತದೆ. ತಿರುಗಣಿ ತಿರುಗಿಸಬೇಕೆಂದು ಬೆರಳು ಕುಣಿಯುತ್ತಿತ್ತು. ತಿರುಗಿಸಲಿಲ್ಲ. ಕಲ್ಲನ್ನು ಕಾಲಿನಿಂದ ತಳ್ಳಿದೆ.

ಒಂದು ಉಸಿರು. ಇನ್ನೊಂದು ಉಸಿರನ್ನು ಅರ್ಧಕ್ಕೆ ಎಳೆದಿದ್ದೆ, ಅದು ಬಂತು. ಕೈ ಇಟ್ಟು ನೋಡಿದೆ. ಬಾಲ ನನ್ನ ಅಂಗೈಯಲ್ಲೇ ದುಂಡಗಾಯಿತು.

ಅಲ್ಲಿಯವರೆಗೆ ಬಿಡದೆ ಎಳೆಯುತ್ತಿದ್ದವಳು ಆಮೇಲೆ ಎಳೆಯಲೇ ಇಲ್ಲ. ಕಾದೆ. ಮೇಲೆ ಮೀಟರ್ ಇದೆ, ಮುಳ್ಳು ಎಗರಿದ್ದನ್ನು ನೀನು ನೋಡಿರುತ್ತೀಯ ಎಂದು ಹೊಳೆಯಿತು. ಇಳಿದು ಬಂದದ್ದನ್ನೂ ನೋಡಿರಬೇಕು. ಆದರೂ ಎಳೆತವಿಲ್ಲ. ಕೆಸರು ಕದಡಿ ಏನೂ ಕಾಣುತ್ತಿರಲಿಲ್ಲ. ಪೈಪು ಮಾತ್ರ ಕೈಯಲ್ಲಿ ಸಣ್ಣಗೆ ನಡುಗುತ್ತಿತ್ತು. ಅದು ನೀರಿನ ನಡುಕವಲ್ಲ.

ಆಗ ನಾನು ಎಳೆದೆ. ಒಂದು ಸಲ.

ಲಗಾಮಣ್ಣ ಹೇಳಿದರು, ಅವರಿಗೇ ಒಂದು ಗಳಿಗೆ ಅರ್ಥವಾಗಲಿಲ್ಲವಂತೆ. ಕೆಳಗಿನಿಂದ ಯಾರೂ ಹಾಗೆ ಕೇಳಿದ್ದೇ ಇಲ್ಲವಲ್ಲ. "ಅಮ್ಮಾ, ನಿಮ್ಮನ್ನ ಕೇಳ್ತಿದಾಳೆ, ಉತ್ತರ ಕೊಡಿ" ಎಂದರಂತೆ. ನಿನ್ನ ಉತ್ತರ ಬರಲು ಬಹಳ ಹೊತ್ತಾಯಿತು. ನೀನು ಅಳುತ್ತಿದ್ದೆಯೇನೋ ಎಂದುಕೊಂಡಿದ್ದೆ. ಇಲ್ಲವಂತೆ. ಬಾಲವನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದೆಯಂತೆ. ಎಳೆಯಲು ಯಾವ ಕೈ ಬಿಡಬೇಕೆಂದು ತಿಳಿಯದೆ ಕೂತಿದ್ದೆಯಂತೆ.

ಮುಂದಿನ ಸಲ ಎಡಗೈ ಬಿಡು.

ಮಗಳು